ಬ್ರಿಟಿಷ್ ಶಾರ್ಟ್‌ಹೇರ್: ಕಣಜದ ಬೆಕ್ಕು ತಳಿಯಾದ ಬಗೆ

ಕಾಳು ಕೂಡಿಟ್ಟಲ್ಲಿ ಇಲಿ ಸೇರುತ್ತದೆ. ಇಲಿ ಸೇರಿದಲ್ಲಿಗೆ ಬೆಕ್ಕು ಬರುತ್ತದೆ. ಮನುಷ್ಯನು ಬೇಸಾಯವನ್ನು ಕಲಿತು, ಬೆಳೆದ ಧಾನ್ಯವನ್ನು ಮುಂದಿನ ಸುಗ್ಗಿಯವರೆಗೆ ಸಂಗ್ರಹಿಸಿಡಲು ಆರಂಭಿಸಿದ ಮೇಲೆಯೇ ಬೆಕ್ಕು ಅವನ ಅಂಗಳಕ್ಕೆ ಬಂದಿತು. ಹಸು, ಕುರಿ, ಆಡುಗಳನ್ನು ಮನುಷ್ಯನು ಹಿಡಿದು ತಂದು ಪಳಗಿಸಿದನು. ಬೆಕ್ಕಾದರೋ ತನ್ನ ಬೇಟೆಯನ್ನು ಹುಡುಕಿಕೊಂಡು ತಾನಾಗಿಯೇ ಬಂದು ಉಳಿಯಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದೆ ಮನುಷ್ಯನ ಸಮಾಧಿಯ ಪಕ್ಕದಲ್ಲಿಯೇ ಬೆಕ್ಕೊಂದನ್ನು ಹೂಳಿದ್ದುದು ಉತ್ಖನನದಿಂದ ತಿಳಿದುಬಂದಿದೆ. ಈ ಸ್ನೇಹ ಅಷ್ಟು ಹಳೆಯದು.

ಸ್ನೇಹ ಹಳೆಯದಾದರೂ ಬೆಕ್ಕಿನಲ್ಲಿ 'ತಳಿ' ಎಂಬುದು ತೀರ ಹೊಸದು. ಎತ್ತುಗಳಲ್ಲಿ ಹಳ್ಳಿಕಾರ್, ಅಮೃತಮಹಲ್ ಎಂದೂ, ಕುರಿಗಳಲ್ಲಿ ಬಂಡೂರು, ಡೆಕ್ಕನಿ ಎಂದೂ, ನಾಯಿಗಳಲ್ಲಿ ಮುಧೋಳ ಎಂದೂ ನೋಡಿದ ಮಾತ್ರಕ್ಕೆ ಗುರುತಿಸುವ ನಮ್ಮ ರೈತರು ಬೆಕ್ಕನ್ನು ಮಾತ್ರ ಕರಿಬೆಕ್ಕು, ಬಿಳಿಬೆಕ್ಕು ಎಂದು ಬಣ್ಣದಿಂದ ಕರೆಯುತ್ತಾರೆ. ಇದಕ್ಕೆ ಕಾರಣವಿದೆ. ಹೆಚ್ಚು ಹಾಲು, ಹೆಚ್ಚು ಉಣ್ಣೆ, ಹೆಚ್ಚು ದುಡಿಮೆ ಬೇಕೆಂದಾಗ ಮನುಷ್ಯನು ಆಯ್ಕೆ ಮಾಡಿ ಸಂತಾನ ಪಡೆಯುತ್ತಾನೆ. ಇಲಿ ಹಿಡಿಯುವ ಕೆಲಸವನ್ನು ಬೆಕ್ಕು ಯಾರ ಆಯ್ಕೆಯೂ ಇಲ್ಲದೆ ಚೆನ್ನಾಗಿಯೇ ಮಾಡುತ್ತಿದ್ದುದರಿಂದ ಅದರ ತಳಿ ಸುಧಾರಣೆಗೆ ಯಾರೂ ಕೈಹಾಕಲಿಲ್ಲ. ಅದಕ್ಕೆ ಕೈಹಾಕಿದ್ದು ಸುಮಾರು 150 ವರ್ಷಗಳ ಹಿಂದೆ, ಮುಖ್ಯವಾಗಿ ಇಂಗ್ಲೆಂಡಿನಲ್ಲಿ. ಹಾಗೆ ರೂಪುಗೊಂಡ ಮೊದಲ ತಳಿಗಳಲ್ಲಿ ಬ್ರಿಟಿಷ್ ಶಾರ್ಟ್‌ಹೇರ್ ಎಂಬ ಗಿಡ್ಡ ಕೂದಲಿನ ಬೆಕ್ಕು ಪ್ರಮುಖವಾದುದು. ಆಯ್ಕೆಯಿಂದ ಒಂದು ಪ್ರಾಣಿ ಏನನ್ನು ಗಳಿಸುತ್ತದೆ, ಅದರ ಜೊತೆಗೆ ಯಾವ ದೋಷಗಳನ್ನು ಹೊತ್ತು ತರುತ್ತದೆ ಎಂಬುದಕ್ಕೆ ಈ ತಳಿ ಒಳ್ಳೆಯ ಉದಾಹರಣೆ.

ತಳಿಯ ಹಿನ್ನೆಲೆ

ಬ್ರಿಟನ್ನಿನಲ್ಲಿ ಸಾಕು ಬೆಕ್ಕುಗಳು ವ್ಯಾಪಕವಾಗಿ ಹರಡಿದ್ದು ಸುಮಾರು 2,000 ವರ್ಷಗಳ ಹಿಂದೆ, ರೋಮನ್ನರ ಕಾಲದಲ್ಲಿ. ಅವು ಅಲ್ಲಿನ ಹೊಲಮನೆ, ಹಿಟ್ಟಿನ ಗಿರಣಿ, ಹಡಗುಕಟ್ಟೆ, ಬೀದಿಗಳಲ್ಲಿ ಬೆಳೆದವು. ಚಳಿ ಹಾಗೂ ತೇವದ ಹವೆಯಲ್ಲಿ ದಟ್ಟವಾದ ತುಪ್ಪಳ ಮತ್ತು ಗಟ್ಟಿಮುಟ್ಟಾದ ಮೈಕಟ್ಟು ಇದ್ದವು ಬದುಕಿ ಉಳಿದವು. ಈ ಆಯ್ಕೆ ನಿಸರ್ಗದ್ದು.

ಆ ದೇಶದಲ್ಲಿ ಬೆಕ್ಕನ್ನು ದುಡಿಯುವ ಪ್ರಾಣಿಯೆಂದೇ ನೋಡುತ್ತಿದ್ದರು ಎಂಬುದಕ್ಕೆ ಒಂದು ಸ್ವಾರಸ್ಯಕರ ದಾಖಲೆಯಿದೆ. 1868ರಲ್ಲಿ ಲಂಡನ್ನಿನ ಮನಿಯಾರ್ಡರ್ ಕಚೇರಿಯಲ್ಲಿ ಇಲಿಗಳ ಕಾಟ ಹೆಚ್ಚಾದಾಗ ಅಂಚೆ ಇಲಾಖೆಯು ಮೂರು ಬೆಕ್ಕುಗಳನ್ನು ಇಟ್ಟುಕೊಳ್ಳಲು ಮಂಜೂರಾತಿ ನೀಡಿತು. ಅವುಗಳ ಆಹಾರಕ್ಕೆ ವಾರಕ್ಕೆ ಒಂದು ಶಿಲ್ಲಿಂಗ್ ಭತ್ಯೆ. ಆರು ತಿಂಗಳಲ್ಲಿ ಇಲಿಗಳು ಕಡಿಮೆಯಾಗದಿದ್ದರೆ ಭತ್ಯೆಯನ್ನು ಇನ್ನೂ ಕಡಿತಗೊಳಿಸಲಾಗುವುದು ಎಂಬ ಷರತ್ತೂ ಇತ್ತು!

ಇಂಥ ದುಡಿಮೆಯ ಬೆಕ್ಕನ್ನು ಪ್ರದರ್ಶನದ ಮೇಜಿನ ಮೇಲೆ ಕೂರಿಸಿದವರು ಹ್ಯಾರಿಸನ್ ವೇರ್ ಎಂಬ ಚಿತ್ರಕಾರರು. 1871ರ ಜುಲೈ 13ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ಸಿನಲ್ಲಿ ಅವರು ಬೆಕ್ಕುಗಳ ಪ್ರದರ್ಶನವನ್ನು ಏರ್ಪಡಿಸಿದರು. ನಮ್ಮ ಜಾತ್ರೆಗಳ ದನಗಳ ಪ್ರದರ್ಶನದಲ್ಲಿ ಹೇಗೆ ಕೊಂಬು, ಗಂಗೆದೊಗಲು, ಕಾಲು, ಗೊರಸುಗಳನ್ನು ನೋಡಿ ಬಹುಮಾನ ಕೊಡುತ್ತಾರೋ ಹಾಗೆ ಬೆಕ್ಕಿನ ತಲೆ, ಕಣ್ಣು, ತುಪ್ಪಳ, ಮೈಕಟ್ಟುಗಳಿಗೆ ಅಂಕ ಕೊಡುವ ಕ್ರಮವನ್ನು ಅವರು ರೂಪಿಸಿದರು. ಬೀದಿಯ ಸಾಮಾನ್ಯ ಗಿಡ್ಡ ಕೂದಲಿನ ಬೆಕ್ಕಿಗೂ ಬೆಲೆ ಬರಬೇಕೆಂಬುದು ಅವರ ಆಶಯವಾಗಿತ್ತು. 1887ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಕ್ಯಾಟ್ ಕ್ಲಬ್ಬಿಗೆ ಅವರೇ ಮೊದಲ ಅಧ್ಯಕ್ಷರು. 1910ರಲ್ಲಿ ಬೆಕ್ಕು ತಳಿಗಳ ಆಡಳಿತ ಮಂಡಳಿಯೊಂದು ಸ್ಥಾಪನೆಯಾಗಿ ವಂಶಾವಳಿಯನ್ನು ದಾಖಲಿಸುವ ಕೆಲಸ ಒಂದು ವ್ಯವಸ್ಥೆಗೆ ಬಂದಿತು.

ಯುದ್ಧಗಳು ಮತ್ತು ಸಂಕರಣ

ಪ್ರದರ್ಶನಗಳು ಜನಪ್ರಿಯವಾದಂತೆ ಶ್ರೀಮಂತರ ಒಲವು ಉದ್ದ ಕೂದಲಿನ ಪರ್ಷಿಯನ್ ಬೆಕ್ಕುಗಳ ಕಡೆಗೆ ಹರಿಯಿತು. ಗಿಡ್ಡ ಕೂದಲಿನವು ಹಿಂದೆ ಬಿದ್ದವು. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಬಂದು ತಳಿಯ ಸಂಖ್ಯೆ ಇಳಿಯಿತು. ತಳಿಯನ್ನು ಉಳಿಸಲು ಅದನ್ನು ಪರ್ಷಿಯನ್ ಬೆಕ್ಕುಗಳೊಡನೆ ಕೂಡಿಸಲಾಯಿತು. ಹೀಗೆ ಹುಟ್ಟಿದವುಗಳಲ್ಲಿ ಮೂರನೆಯ ಪೀಳಿಗೆಯವನ್ನು ಮಾತ್ರ ಬ್ರಿಟಿಷ್ ತಳಿಯೆಂದು ಪ್ರದರ್ಶಿಸಬಹುದು ಎಂದು ಮಂಡಳಿಯು ನಿಯಮ ಮಾಡಿತು.

ಸಂಕರ ಹಸುಗಳನ್ನು ಸಾಕುವ ರೈತರಿಗೆ ಈ ಲೆಕ್ಕ ಸುಲಭವಾಗಿ ಅರ್ಥವಾಗುತ್ತದೆ. ಮೊದಲ ಪೀಳಿಗೆಯಲ್ಲಿ ಹೊರಗಿನ ರಕ್ತ ಅರ್ಧ ಪಾಲು. ಮತ್ತೆ ಮೂಲ ತಳಿಗೆ ಕೂಡಿಸಿದಾಗ ಕಾಲು ಪಾಲು. ಮೂರನೆಯ ಪೀಳಿಗೆಯಲ್ಲಿ ಎಂಟರಲ್ಲಿ ಒಂದು ಪಾಲು. ಹೊರನೋಟಕ್ಕೆ ಬೆಕ್ಕು ಮೂಲ ತಳಿಯಂತೆಯೇ ಕಂಡರೂ ಹೊರಗಿನಿಂದ ಬಂದ ಗುಣಗಳು ಪೂರ್ತಿ ಅಳಿಯುವುದಿಲ್ಲ. ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಎರಡನೆಯ ಮಹಾಯುದ್ಧದ ಪೆಟ್ಟು ಇನ್ನೂ ದೊಡ್ಡದು. ಮನುಷ್ಯರ ಆಹಾರಕ್ಕೇ ಪಡಿತರವಿದ್ದಾಗ ಬೆಕ್ಕಿನ ಮರಿಗಳನ್ನು ಬೆಳೆಸುವವರಾರು? ಯುದ್ಧ ಮುಗಿಯುವ ವೇಳೆಗೆ ಸಂತಾನಕ್ಕೆ ಯೋಗ್ಯವಾದ ಬೆಕ್ಕುಗಳು ಕೆಲವೇ ಉಳಿದಿದ್ದವು. ಆಗ ಪರ್ಷಿಯನ್, ರಷ್ಯನ್ ಬ್ಲೂ ಮೊದಲಾದ ತಳಿಗಳನ್ನೂ, ವಂಶಾವಳಿಯಿಲ್ಲದ ಊರ ಬೆಕ್ಕುಗಳನ್ನೂ ಬಳಸಿ ತಳಿಯನ್ನು ಮತ್ತೆ ಕಟ್ಟಲಾಯಿತು. 1980ರಲ್ಲಿ ಅಮೆರಿಕದ ಪ್ರಮುಖ ಬೆಕ್ಕು ಸಂಘವೂ ಇದಕ್ಕೆ ಮನ್ನಣೆ ನೀಡಿತು. ಇಂದು ಇದು ಪ್ರಪಂಚದ ಅತ್ಯಂತ ಜನಪ್ರಿಯ ಬೆಕ್ಕು ತಳಿಗಳಲ್ಲಿ ಒಂದು. ಇತ್ತೀಚಿನ ವರ್ಷಗಳಲ್ಲಿ ನಮ್ಮ ನಗರಗಳಲ್ಲಿಯೂ ಇದನ್ನು ಸಾಕುವವರಿದ್ದಾರೆ.

ದೇಹ ಲಕ್ಷಣಗಳು

ಅಗಲವಾದ ಎದೆ, ದಪ್ಪನೆಯ ಗಿಡ್ಡ ಕಾಲುಗಳು, ದುಂಡು ಪಾದ, ಬುಡದಲ್ಲಿ ದಪ್ಪಗಿದ್ದು ತುದಿಯಲ್ಲಿ ದುಂಡಾದ ಬಾಲ ಈ ತಳಿಯ ಗುರುತುಗಳು. ತಲೆ ದುಂಡಗೆ, ಕೆನ್ನೆ ತುಂಬಿಕೊಂಡು, ಕಿವಿಗಳು ಸಣ್ಣದಾಗಿ ದೂರ ದೂರ ಇರುತ್ತವೆ. ಗಂಡು ಬೆಕ್ಕು ಪ್ರಾಯಕ್ಕೆ ಬಂದಾಗ ಕೆನ್ನೆಗಳು ಇನ್ನಷ್ಟು ಉಬ್ಬಿ ಮುಖ ದೊಡ್ಡದಾಗಿ ಕಾಣುತ್ತದೆ. ಗಂಡು ಸಾಮಾನ್ಯವಾಗಿ 4ರಿಂದ 8 ಕಿಲೋ, ಹೆಣ್ಣು 3ರಿಂದ 5 ಕಿಲೋ ತೂಗುತ್ತವೆ. ಬೆಳವಣಿಗೆ ನಿಧಾನ; ಪೂರ್ಣ ಮೈಕಟ್ಟು ಬರಲು 3ರಿಂದ 5 ವರ್ಷ ಬೇಕು.

ತುಪ್ಪಳವು ಗಿಡ್ಡವಾದರೂ ಬಹಳ ದಟ್ಟ. ಕೈಯಿಟ್ಟರೆ ಮಖಮಲ್ಲಿನ ಹಾಸಿನಂತೆ ಪುಟಿದು ನಿಲ್ಲುತ್ತದೆ. ಹಲವು ಬಣ್ಣಗಳಿದ್ದರೂ ಹೆಸರಾದುದು ನೀಲಿ ಬೂದು ಬಣ್ಣದ ಮೈ ಮತ್ತು ತಾಮ್ರದ ಬಣ್ಣದ ಕಣ್ಣುಗಳ ಬೆಕ್ಕು. ಮರಿಗಳ ಕಣ್ಣು ಮೊದಲು ನೀಲಿಯಾಗಿದ್ದು ಕೆಲವು ತಿಂಗಳುಗಳಲ್ಲಿ ತಾಮ್ರದ ಬಣ್ಣಕ್ಕೆ ತಿರುಗುತ್ತದೆ.

ಈ ನೀಲಿ ಬಣ್ಣ ಬೇರೆ ವರ್ಣದ್ರವ್ಯದಿಂದ ಬಂದುದಲ್ಲ. ಕಪ್ಪು ವರ್ಣದ್ರವ್ಯವೇ ಕೂದಲಿನಲ್ಲಿ ಸಮನಾಗಿ ಹರಡದೆ ಗುಂಪುಗುಂಪಾಗಿ ನಿಲ್ಲುವುದರಿಂದ ಬಣ್ಣ ತೆಳುವಾಗಿ ಕಾಣುತ್ತದೆ. ಇದೊಂದು ಸುಪ್ತ ಗುಣ. ಅಂದರೆ ತಾಯಿ ತಂದೆ ಇಬ್ಬರಿಂದಲೂ ಈ ವಂಶವಾಹಿ ಬಂದಾಗ ಮಾತ್ರ ಮರಿ ನೀಲಿಯಾಗುತ್ತದೆ. ನೀಲಿಗೆ ನೀಲಿ ಕೂಡಿಸಿದರೆ ಎಲ್ಲ ಮರಿಗಳೂ ನೀಲಿ. ಈ ಗುಣವನ್ನು ಒಳಗೆ ಹೊತ್ತ ಎರಡು ಕಪ್ಪು ಬೆಕ್ಕುಗಳು ಕೂಡಿದರೆ ಸರಾಸರಿ ನಾಲ್ಕು ಮರಿಗಳಲ್ಲಿ ಒಂದು ನೀಲಿ. ಉದ್ದ ಕೂದಲೂ ಹೀಗೆಯೇ ಸುಪ್ತ ಗುಣ. ಎಷ್ಟೋ ಪೀಳಿಗೆಗಳ ಹಿಂದೆ ಸೇರಿದ ಪರ್ಷಿಯನ್ ರಕ್ತದಿಂದಾಗಿ ಗಿಡ್ಡ ಕೂದಲಿನ ತಾಯಿತಂದೆಗೆ ಇಂದಿಗೂ ಒಮ್ಮೊಮ್ಮೆ ಉದ್ದ ಕೂದಲಿನ ಮರಿ ಹುಟ್ಟುವುದುಂಟು.

ಸ್ವಭಾವ

ಈ ತಳಿಯ ಮುಖ್ಯ ಗುಣ ಶಾಂತ ಸ್ವಭಾವ. ಕೂಗಾಟ ಕಡಿಮೆ. ಮನೆಯವರು ಇರುವ ಕೋಣೆಯಲ್ಲಿಯೇ ಇರುತ್ತದೆ; ಆದರೆ ತೊಡೆಯೇರಿ ಕೂರುವುದು ವಿರಳ. ಎತ್ತಿಕೊಂಡರೆ ನಾಲ್ಕೂ ಕಾಲು ಬಿಗಿಹಿಡಿದು ಕೆಳಗಿಳಿಯಲು ನೋಡುತ್ತದೆ. ಸಾಮಾನ್ಯವಾಗಿ ಒಬ್ಬರಿಗೇ ಅಂಟಿಕೊಳ್ಳದೆ ಮನೆಮಂದಿಗೆಲ್ಲ ಹೊಂದಿಕೊಳ್ಳುತ್ತದೆ. ಮಕ್ಕಳನ್ನೂ, ಪಳಗಿದ ನಾಯಿಯನ್ನೂ ಸಹಿಸುತ್ತದೆ. ಕಾಟ ಹೆಚ್ಚಾದರೆ ಪರಚುವ ಬದಲು ಎದ್ದುಹೋಗುವುದೇ ಹೆಚ್ಚು. ಗೋಡೆಗೋಡೆ ಹಾರುವ ಬೆಕ್ಕಲ್ಲ ಇದು. ನೆಲದ ಮೇಲಿನ ಬೆಕ್ಕು.

ಇದು ಕೇವಲ ಸಾಕುವವರ ಅಭಿಮಾನದ ಮಾತಲ್ಲ. ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 5,726 ಬೆಕ್ಕುಗಳ ನಡವಳಿಕೆಯ ಬಗ್ಗೆ ಮಾಲೀಕರಿಂದ ಮಾಹಿತಿ ಸಂಗ್ರಹಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಮನುಷ್ಯರ ಸಂಪರ್ಕವನ್ನು ತಾವಾಗಿ ಅತಿ ಕಡಿಮೆ ಬಯಸುವ ತಳಿ ಬ್ರಿಟಿಷ್ ಶಾರ್ಟ್‌ಹೇರ್ ಎಂಬುದು ಅದರಿಂದ ಕಂಡುಬಂದಿತು. ಅದೇ ಅಧ್ಯಯನದಲ್ಲಿ ಬೇರೆ ಮೂರು ತಳಿಗಳ ವಂಶಾವಳಿಯನ್ನು ಪರಿಶೀಲಿಸಿದಾಗ ಬೆಕ್ಕುಗಳ ನಡವಳಿಕೆಯಲ್ಲಿನ ವ್ಯತ್ಯಾಸಕ್ಕೆ ಸುಮಾರು ಅರ್ಧದಷ್ಟು ಕಾರಣ ಅನುವಂಶೀಯತೆ ಎಂದು ಅಂದಾಜು ಮಾಡಲಾಯಿತು.

ಉಳಿದರ್ಧ ಪಾಲನೆಯ ಕೈಯಲ್ಲಿದೆ. ಹುಟ್ಟಿದ ಎರಡನೆಯ ವಾರದಿಂದ ಏಳನೆಯ ವಾರದವರೆಗಿನ ಅವಧಿ ಬೆಕ್ಕಿನ ಮರಿಗೆ ಬಹಳ ಮುಖ್ಯವಾದುದು. ಈ ದಿನಗಳಲ್ಲಿ ಮನುಷ್ಯರ ಕೈಗೆ ಒಗ್ಗಿದ ಮರಿ ಜೀವನಪೂರ್ತಿ ಸಾಧುವಾಗಿರುತ್ತದೆ. ಒಗ್ಗದ ಮರಿ ಯಾವ ತಳಿಯದಾದರೂ ಹೆದರುಪುಕ್ಕಲಾಗುತ್ತದೆ. ನಾಟಿ ಬೆಕ್ಕಿನ ಮರಿಗಳಿಗೂ ಈ ಮಾತು ಅನ್ವಯಿಸುತ್ತದೆ.

ಗಿಣ್ಣುಹಾಲೇ ವಿಷವಾಗುವ ಬಗೆ

ಕರು ಹುಟ್ಟಿದ ಕೂಡಲೇ ಗಿಣ್ಣುಹಾಲು ಕುಡಿಸಬೇಕು ಎಂಬುದು ಪ್ರತಿಯೊಬ್ಬ ಹೈನುಗಾರನಿಗೂ ತಿಳಿದ ಮಾತು. ರೋಗ ತಡೆಯುವ ಪ್ರತಿಕಾಯಗಳು ಗಿಣ್ಣಿನ ಮೂಲಕವೇ ಕರುವಿನ ರಕ್ತಕ್ಕೆ ಸೇರುತ್ತವೆ. ಬೆಕ್ಕಿನಲ್ಲಿಯೂ ಕ್ರಮ ಹೀಗೆಯೇ. ಆದರೆ ಬ್ರಿಟಿಷ್ ಶಾರ್ಟ್‌ಹೇರ್ ತಳಿಯಲ್ಲಿ ಇದೇ ಗಿಣ್ಣು ಕೆಲವೊಮ್ಮೆ ಮರಿಯ ಪ್ರಾಣ ತೆಗೆಯುತ್ತದೆ. ಲಕ್ಷಣವಾಗಿ ಹುಟ್ಟಿ, ಚುರುಕಾಗಿ ಹಾಲು ಕುಡಿದ ಮರಿಗಳು ಒಂದೆರಡು ದಿನಗಳಲ್ಲಿ ಒಂದೊಂದಾಗಿ ಸೊರಗುತ್ತವೆ. ಮೂತ್ರ ಕೆಂಪು ಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತದೆ, ಕಾಮಾಲೆ ಕಾಣಿಸುತ್ತದೆ, ಮರಿ ಸಾಯುತ್ತದೆ. ಬದುಕಿ ಉಳಿದ ಮರಿಗಳಲ್ಲಿ ಕೆಲವಕ್ಕೆ ಬಾಲದ ತುದಿ ಒಣಗಿ ಉದುರುತ್ತದೆ. ದೃಷ್ಟಿಯಾಯಿತು, ಸೋಂಕಾಯಿತು ಎಂದು ಕಾರಣ ಹುಡುಕುವವರಿದ್ದಾರೆ. ನಿಜವಾದ ಕಾರಣ ರಕ್ತದ ಗುಂಪು.

ಬೆಕ್ಕುಗಳಲ್ಲಿ ಎ, ಬಿ ಮತ್ತು ವಿರಳವಾದ ಎಬಿ ಎಂಬ ರಕ್ತದ ಗುಂಪುಗಳಿವೆ. ಹೆಚ್ಚಿನ ಬೆಕ್ಕುಗಳು ಎ ಗುಂಪಿನವು. ಬ್ರಿಟಿಷ್ ಶಾರ್ಟ್‌ಹೇರ್ ತಳಿಯಲ್ಲಿ ಮಾತ್ರ ಬಿ ಗುಂಪಿನವುಗಳ ಪ್ರಮಾಣ ಬಹಳ ಹೆಚ್ಚು. ಬಿ ಗುಂಪಿನ ಬೆಕ್ಕಿನ ಮೈಯಲ್ಲಿ ಎ ಗುಂಪಿನ ರಕ್ತಕಣಗಳನ್ನು ನಾಶಮಾಡುವ ತೀವ್ರ ಪ್ರತಿಕಾಯಗಳು ಹುಟ್ಟಿನಿಂದ ಕೆಲವೇ ತಿಂಗಳುಗಳಲ್ಲಿ ತಾವಾಗಿಯೇ ಬೆಳೆಯುತ್ತವೆ. ಎ ಪ್ರಬಲ ಗುಣ. ಬಿ ಸುಪ್ತ ಗುಣ. ಬಿ ತಾಯಿಗೆ ಶುದ್ಧ ಎ ಗಂಡನ್ನು ಕೂಡಿಸಿದರೆ ಎಲ್ಲ ಮರಿಗಳೂ ಎ ಗುಂಪಿಗೆ ಸೇರುತ್ತವೆ. ಗಂಡಿನಲ್ಲಿ ಬಿ ಗುಣ ಅಡಗಿದ್ದರೆ ಸರಾಸರಿ ಅರ್ಧದಷ್ಟು ಮರಿಗಳು ಎ ಆಗುತ್ತವೆ. ಈ ಎ ಮರಿಗಳು ತಾಯಿಯ ಗಿಣ್ಣು ಕುಡಿದಾಗ ಅದರಲ್ಲಿನ ಪ್ರತಿಕಾಯಗಳು ಅವುಗಳ ರಕ್ತಕಣಗಳನ್ನೇ ಒಡೆಯುತ್ತವೆ. ತಾಯಿಗೆ ಇದು ಚೊಚ್ಚಲ ಸೂಲಾದರೂ ಅಪಾಯ ತಪ್ಪಿದ್ದಲ್ಲ. ತಾಯಿ ಎ ಗುಂಪಿನದಾಗಿದ್ದರೆ ಇಂಥ ತೊಂದರೆಯಿಲ್ಲ.

ಪರಿಹಾರ ಸರಳವಾಗಿದೆ. ಕೂಡಿಸುವ ಮುನ್ನ ಗಂಡು ಹೆಣ್ಣು ಎರಡರ ರಕ್ತದ ಗುಂಪನ್ನೂ ಪರೀಕ್ಷಿಸಬೇಕು. ಬಿ ಹೆಣ್ಣಿಗೆ ಬಿ ಗಂಡನ್ನೇ ಕೂಡಿಸಬೇಕು. ಗುಂಪು ಹೊಂದದ ಜೋಡಿಗೆ ಮರಿಗಳಾದರೆ ಮೊದಲ 24 ಗಂಟೆಗಳ ಕಾಲ ಅವನ್ನು ತಾಯಿಯಿಂದ ಬೇರ್ಪಡಿಸಿ, ಎ ಗುಂಪಿನ ಬೇರೆ ತಾಯಿಬೆಕ್ಕಿನ ಹಾಲನ್ನೋ ಬೆಕ್ಕಿನ ಮರಿಗಳಿಗೆಂದೇ ತಯಾರಿಸಿದ ಹಾಲಿನ ಪುಡಿಯನ್ನೋ ಕೊಡಬೇಕು. ಒಂದು ದಿನ ಕಳೆಯುವಷ್ಟರಲ್ಲಿ ಮರಿಯ ಕರುಳು ಪ್ರತಿಕಾಯಗಳನ್ನು ಇಡಿಯಾಗಿ ಹೀರುವುದನ್ನು ನಿಲ್ಲಿಸುತ್ತದೆ. ಆಮೇಲೆ ತಾಯಿಯ ಹಾಲು ನಿರಪಾಯಕರ. ಒಂದು ಹಗಲು, ಒಂದು ರಾತ್ರಿಯ ಎಚ್ಚರದಿಂದ ಇಡೀ ಸೂಲಿನ ಮರಿಗಳನ್ನು ಉಳಿಸಬಹುದು.

ಇತರ ವಂಶಪಾರಂಪರ್ಯ ದೋಷಗಳು

ಹೃದಯದ ಸ್ನಾಯು ದಪ್ಪವಾಗುವ ರೋಗ ಈ ತಳಿಯ ಇನ್ನೊಂದು ತೊಂದರೆ. ಡೆನ್ಮಾರ್ಕಿನಲ್ಲಿ 329 ಬ್ರಿಟಿಷ್ ಶಾರ್ಟ್‌ಹೇರ್ ಬೆಕ್ಕುಗಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಶೇಕಡ 8.5ರಷ್ಟು ಬೆಕ್ಕುಗಳಲ್ಲಿ ಈ ರೋಗವಿತ್ತು. ಗಂಡುಗಳಲ್ಲಿ ಶೇಕಡ 20.4, ಹೆಣ್ಣುಗಳಲ್ಲಿ ಶೇಕಡ 2.1. ಹೊರಗೆ ಆರೋಗ್ಯವಾಗಿ ಕಂಡ ಬೆಕ್ಕು ಬಾಯಿ ತೆರೆದು ಉಸಿರಾಡುವುದು, ಹಿಂಗಾಲುಗಳು ಹಠಾತ್ತನೆ ಬಿದ್ದುಹೋಗುವುದು ಇದರ ಲಕ್ಷಣಗಳು. ಹೃದಯದ ಸ್ಕ್ಯಾನಿಂಗ್ ಪರೀಕ್ಷೆಯಿಂದ ಇದನ್ನು ಪತ್ತೆಹಚ್ಚಬಹುದು.

ಮೂತ್ರಪಿಂಡದಲ್ಲಿ ನೀರುಗುಳ್ಳೆಗಳು ತುಂಬಿಕೊಳ್ಳುವ ರೋಗ ಮತ್ತೊಂದು. ಇದು ಪರ್ಷಿಯನ್ ತಳಿಯಲ್ಲಿ ವ್ಯಾಪಕವಾಗಿದ್ದ ದೋಷ. ಸಂಕರಣದ ಮೂಲಕ ಈ ತಳಿಗೂ ಬಂದಿತು. ತಳಿಯನ್ನು ಉಳಿಸಿದ ರಕ್ತವೇ ರೋಗವನ್ನೂ ತಂದಿತು. ಇದು ಪ್ರಬಲ ಗುಣವಾದ್ದರಿಂದ ತಾಯಿತಂದೆಗಳಲ್ಲಿ ಒಂದಕ್ಕೆ ಇದ್ದರೂ ಸರಾಸರಿ ಅರ್ಧದಷ್ಟು ಮರಿಗಳಿಗೆ ತಗಲುತ್ತದೆ. ಇದಕ್ಕೆ ಕಾರಣವಾದ ವಂಶವಾಹಿಯ ದೋಷವನ್ನು 2004ರಲ್ಲಿ ಗುರುತಿಸಲಾಯಿತು. ಕೆನ್ನೆಯ ಒಳಭಾಗವನ್ನು ಹತ್ತಿಯಿಂದ ಒರೆಸಿ ತೆಗೆದ ಮಾದರಿಯಿಂದಲೇ ಪರೀಕ್ಷೆ ಮಾಡಬಹುದು. ದೋಷವಿರುವ ಬೆಕ್ಕುಗಳಿಂದ ಸಂತಾನ ಪಡೆಯದಿದ್ದರೆ ರೋಗವು ತಳಿಯಿಂದಲೇ ಮರೆಯಾಗುತ್ತದೆ.

ಆಹಾರ ಮತ್ತು ಪಾಲನೆ

ಬೆಕ್ಕು ಅಪ್ಪಟ ಮಾಂಸಾಹಾರಿ. ಟಾರಿನ್ ಎಂಬ ಪೋಷಕಾಂಶವನ್ನು ಅದರ ದೇಹ ಸಾಕಷ್ಟು ತಯಾರಿಸಲಾರದು. ಅದು ಮಾಂಸ, ಮೀನುಗಳಿಂದಲೇ ದೊರೆಯಬೇಕು. ಟಾರಿನ್ ಕೊರತೆಯಾದರೆ ಕಣ್ಣು ಕುರುಡಾಗುತ್ತದೆ, ಹೃದಯ ದುರ್ಬಲವಾಗುತ್ತದೆ. ಬರೀ ಹಾಲು ಅನ್ನ, ಮೊಸರನ್ನ ಹಾಕಿ ಬೆಕ್ಕನ್ನು ಕೋಣೆಯಲ್ಲಿ ಕೂಡಿಹಾಕುವುದು ತಪ್ಪು. ಹಳ್ಳಿಯ ಬೆಕ್ಕು ಹಾಲು ಅನ್ನದಲ್ಲಿ ಬದುಕುವಂತೆ ಕಂಡರೆ ಅದರ ಗುಟ್ಟು ಅದು ಹೊರಗೆ ಹಿಡಿದು ತಿನ್ನುವ ಇಲಿಯಲ್ಲಿದೆ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುವುದೂ ಉಂಟು.

ಓಡಾಟ ಕಡಿಮೆಯಿರುವ ಈ ತಳಿಗೆ ಬೊಜ್ಜು ಬೇಗ ಬರುತ್ತದೆ. ಸಂತಾನಹರಣ ಚಿಕಿತ್ಸೆಯಾದ ಮೇಲಂತೂ ಇನ್ನೂ ಬೇಗ. ಆದುದರಿಂದ ಆಹಾರವನ್ನು ಅಳತೆ ಮಾಡಿಯೇ ಕೊಡಬೇಕು. ಚಳಿನಾಡಿಗೆ ಹೊಂದಿದ ದಟ್ಟ ತುಪ್ಪಳವಿರುವುದರಿಂದ ನಮ್ಮ ಬೇಸಿಗೆಯಲ್ಲಿ ತಂಪಾದ ನೆರಳು, ಗಾಳಿ ಮತ್ತು ಸದಾ ಶುದ್ಧ ನೀರು ಬೇಕು. ವಾರಕ್ಕೊಮ್ಮೆ ಬಾಚಿದರೆ ಸಾಕು. ತುಪ್ಪಳ ಉದುರುವ ಕಾಲದಲ್ಲಿ ಇನ್ನೂ ಹೆಚ್ಚು ಬಾರಿ ಬಾಚಬೇಕು.

ಇಲಿ ಹತೋಟಿಗೆ ಈ ತಳಿ ಬೇಕೆ?

ಇಲ್ಲ. ಈ ತಳಿಯ ಪೂರ್ವಜರು ಇಲಿ ಹಿಡಿದು ಬದುಕಿದವು ನಿಜ. ಆ ಬುದ್ಧಿ ಇದರಲ್ಲಿ ಇನ್ನೂ ಅಳಿದಿಲ್ಲ. ಆದರೆ 150 ವರ್ಷಗಳಿಂದ ಇದನ್ನು ಆರಿಸಿದ್ದು ಮುಖ, ಮೈ, ಬಣ್ಣಗಳಿಗಾಗಿ. ಕಣಜದ ಕಾವಲಿಗೆ ನಮ್ಮ ನಾಟಿ ಬೆಕ್ಕೇ ಸಾಕು. ಅದೂ ಸುಂಡಿಲಿಯಂಥ ಸಣ್ಣ ಇಲಿಗಳನ್ನು ಹಿಡಿಯುವುದೇ ಹೊರತು ದೊಡ್ಡವನ್ನು ಹಿಡಿಯುವುದು ಕಡಿಮೆ. ನ್ಯೂಯಾರ್ಕ್ ನಗರದಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 79 ದಿನಗಳ ಚಿತ್ರೀಕರಣದಲ್ಲಿ ಬೆಕ್ಕುಗಳು ಕೊಂದ ದೊಡ್ಡ ಇಲಿಗಳು ಎರಡೇ ಎರಡು. ಹೊಲದ ಇಲಿಗಳಿಗೆ ಬಿಲ ಮುಚ್ಚುವುದು, ಬದು ಸ್ವಚ್ಛವಾಗಿಡುವುದು, ಊರಿನವರೆಲ್ಲ ಒಟ್ಟಾಗಿ ಹತೋಟಿ ಕ್ರಮ ಕೈಗೊಳ್ಳುವುದು ಇವೇ ಮಾರ್ಗ.

ಗಮನದಲ್ಲಿಡಬೇಕಾದ ಅಂಶಗಳು

1. ತಳಿ ಬೆಕ್ಕನ್ನು ಕೊಳ್ಳುವವರು ವಂಶಾವಳಿ ಪತ್ರದ ಜೊತೆಗೆ ತಾಯಿತಂದೆಗಳ ರಕ್ತದ ಗುಂಪು, ಹೃದಯ ಮತ್ತು ಮೂತ್ರಪಿಂಡದ ಪರೀಕ್ಷಾ ವರದಿಗಳನ್ನು ಕೇಳಬೇಕು. ವರದಿಯಿಲ್ಲದ ವಂಶಾವಳಿ, ಮೊಳಕೆ ಪರೀಕ್ಷೆ ಮಾಡದ ಬಿತ್ತನೆ ಬೀಜದ ಚೀಲದ ಮೇಲಿನ ಚೀಟಿಯಂತೆ.

2. ಹತ್ತಿರದ ರಕ್ತಸಂಬಂಧದ ಬೆಕ್ಕುಗಳನ್ನು ಕೂಡಿಸಬಾರದು.

3. ಮರಿಗೆ 8 ವಾರಗಳಾದ ಮೇಲೆ ಪಶುವೈದ್ಯರ ಸಲಹೆಯಂತೆ ಲಸಿಕೆ ಆರಂಭಿಸಬೇಕು. 3 ತಿಂಗಳಿಗೆ ರೇಬೀಸ್ ಲಸಿಕೆಯನ್ನು ತಪ್ಪದೆ ಹಾಕಿಸಬೇಕು.

4. ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ವೈದ್ಯರನ್ನು ಕಾಣಬೇಕು.

5. ಜ್ವರವೆಂದು ಮನುಷ್ಯರ ಪ್ಯಾರಾಸಿಟಮಾಲ್ ಮಾತ್ರೆಯನ್ನು ಬೆಕ್ಕಿಗೆ ಎಂದಿಗೂ ಕೊಡಬಾರದು. ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು.

6. ಬ್ರೊಮಾಡಯೊಲೋನ್ ಮೊದಲಾದ ಇಲಿ ಪಾಷಾಣಗಳನ್ನು ಇಟ್ಟಾಗ ಸತ್ತ ಇಲಿಗಳನ್ನು ದಿನವೂ ಆರಿಸಿ ಹೂಳಬೇಕು. ವಿಷ ತಿಂದ ಇಲಿಯನ್ನು ತಿಂದ ಬೆಕ್ಕೂ ಸಾಯಬಹುದು.

ಅಂದ, ಶಾಂತ ಸ್ವಭಾವ, ಗಟ್ಟಿಮುಟ್ಟಾದ ಮೈ ಇವು ಬ್ರಿಟಿಷ್ ಶಾರ್ಟ್‌ಹೇರ್ ತಳಿಗೆ ಆಯ್ಕೆಯಿಂದ ಬಂದ ಲಾಭ. ಸಾಯುವ ಮರಿಗಳು, ದಪ್ಪವಾಗುವ ಹೃದಯ ಅದೇ ಆಯ್ಕೆಯ ಕಣ್ಣಿಗೆ ಬೀಳದೆ ಉಳಿದವು. ಹೋರಿಯನ್ನಾಗಲಿ ಟಗರನ್ನಾಗಲಿ ಬೀಜಕ್ಕೆ ಆರಿಸುವಾಗ ಕೊಂಬು ಬಣ್ಣಗಳ ಜೊತೆಗೆ ಅದರ ತಾಯಿಯ ಹಾಲು, ಒಡಹುಟ್ಟಿದವುಗಳ ಆರೋಗ್ಯ, ಹುಟ್ಟಿದ ಕರುಮರಿಗಳಲ್ಲಿ ಬದುಕಿದವೆಷ್ಟು ಎಂಬುದನ್ನೂ ವಿಚಾರಿಸುವ ರೈತನು ಬೆಕ್ಕಿನ ಈ ಪಾಠವನ್ನು ಆಗಲೇ ಕಲಿತಿರುತ್ತಾನೆ.